ಅಂಗೈಯಲ್ಲಿ ತಲೆಬುರುಡೆ!

ಅಯ್ಯಂಗಾರ್ ಬೇಕರಿಯ ಬ್ರೆಡ್ಡು ಯಾರಿಗೆ ಗೊತ್ತಿಲ್ಲ? ಹೋಳು ಮಾಡಿದ ಬ್ರೆಡ್ಡನ್ನು ಒತ್ತಾಗಿ ಜೋಡಿಸಿಟ್ಟರೆ ಮತ್ತೆ ಇಡೀ ಬ್ರೆಡ್ಡೇ ಕಾಣುತ್ತದೆ. ಸಿ.ಟಿ. ಸ್ಕ್ಯಾನಿನ ಕಥೆಯೂ ಹೀಗೆಯೇ. ತಲೆಯನ್ನು ಕತ್ತರಿಸದೆಯೇ ಅದರ ನೂರಾರು ಹೋಳುಗಳ ಚಿತ್ರ ಸಿಗುತ್ತದೆ. ಪೇರಿಸಿದರೆ ತ್ರಿವಿಮ ತಲೆ ಸಿದ್ಧ. ಅದನ್ನೀಗ ಮೊಬೈಲಿನಲ್ಲಿ ಬೆರಳಿನಿಂದ ತಿರುಗಿಸಿ ನೋಡಬಹುದು. ವರ್ಚುವಲ್ ರಿಯಾಲಿಟಿ ಕನ್ನಡಕ ತೊಟ್ಟರೆ ಒಳಗೇ ಸುತ್ತಾಡಬಹುದು.

ಈ ವಿದ್ಯೆಯ ಬೇರೊಂದು ಮಲ್ಲೇಶ್ವರದ ಮಗ್ಗುಲಲ್ಲೇ ಇದೆ. ಹದಿನೆಂಟನೇ ಕ್ರಾಸ್ ದಾಟಿ ಮುಂದೆ ಹೋದರೆ ಸಿಗುವ, ಹಳಬರ ಬಾಯಲ್ಲಿ ಇನ್ನೂ ‘ಟಾಟಾ ಇನ್‌ಸ್ಟಿಟ್ಯೂಟ್’ ಆಗಿಯೇ ಉಳಿದಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಅವರು ಎ.ವಿ. ಲಕ್ಷ್ಮೀನಾರಾಯಣನ್ ಜೊತೆಗೂಡಿ 1971ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಸುತ್ತಲಿಂದ ತೆಗೆದ ಕ್ಷ-ಕಿರಣದ ನೆರಳುಗಳಿಂದ ಒಳಗಿನ ಆಕೃತಿಯನ್ನು ಮರಳಿ ಕಟ್ಟುವುದು ಹೇಗೆ? ನೆರಳುಗಳನ್ನು ಹಾಗೆಯೇ ಹಿಂದಕ್ಕೆ ಹರಡಿದರೆ ಚಿತ್ರ ಮಸುಕು. ಮೊದಲು ಪ್ರತಿ ನೆರಳಿನ ಅಂಚನ್ನು ಲೆಕ್ಕದಿಂದ ಚೂಪು ಮಾಡಿ, ಆಮೇಲೆ ಹರಡಬೇಕು ಎಂದು ಅವರು ತೋರಿಸಿದರು. ಫೂರಿಯೇ ಗಣಿತದ ದೊಡ್ಡ ಸುತ್ತು ತಪ್ಪಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ರೋಗಿಯ ತಲೆಯನ್ನು ಸ್ಕ್ಯಾನ್ ಮಾಡಿತು. 1979ರ ನೊಬೆಲ್ ಅವರಿಗೂ ಕಾರ್ಮ್ಯಾಕ್ ಅವರಿಗೂ ಹೋಯಿತು. ಆದರೆ ಮುಂದಿನ ಸ್ಕ್ಯಾನರುಗಳು ಅಪ್ಪಿಕೊಂಡದ್ದು ‘ರಾಮ್-ಲ್ಯಾಕ್’ ಬಗೆಯ ಲೆಕ್ಕವನ್ನು. ಮಲ್ಲೇಶ್ವರದ ಎಷ್ಟು ಮಕ್ಕಳಿಗೆ ಇದು ಗೊತ್ತು?

ಹೋಳುಗಳೇನೋ ಸಿಕ್ಕವು, ತೋರಿಸುವುದು ಬೇರೆಯದೇ ಕಷ್ಟ. ಒಂದು ಹೋಳಿನಲ್ಲಿ ಸಾಮಾನ್ಯವಾಗಿ ಉದ್ದಕ್ಕೆ 512, ಅಗಲಕ್ಕೆ 512 ಚುಕ್ಕೆಗಳು. ಅಂಥ 300 ಹೋಳಿದ್ದರೆ 7 ಕೋಟಿ 86 ಲಕ್ಷ ಪುಟಾಣಿ ಘನಗಳು! ಪ್ರತಿಯೊಂದಕ್ಕೂ ಒಂದು ಸಂಖ್ಯೆ: ಗಾಳಿಗೆ ಮೈನಸ್ 1000, ನೀರಿಗೆ ಸೊನ್ನೆ, ಗಟ್ಟಿ ಮೂಳೆಗೆ ಸಾವಿರದ ಆಸುಪಾಸು. ಪರದೆಯ ಪ್ರತಿ ಚುಕ್ಕೆಯಿಂದಲೂ ಕಂಪ್ಯೂಟರು ಒಂದು ಕಾಲ್ಪನಿಕ ಕಿರಣವನ್ನು ಈ ರಾಶಿಯೊಳಗೆ ತೂರಿಸಿ, ದಾರಿಯುದ್ದಕ್ಕೂ ಸಂಖ್ಯೆ ಓದುತ್ತ ಬಣ್ಣ ಕೂಡಿಸುತ್ತದೆ. ಯಾವ ಸಂಖ್ಯೆಗೆ ಯಾವ ಬಣ್ಣ, ಯಾವುದು ಗಾಜಿನಂತೆ ಪಾರದರ್ಶಕ ಎಂಬುದು ನೋಡುವವರ ಆಯ್ಕೆ. ಚರ್ಮವನ್ನು ಪಾರದರ್ಶಕ ಮಾಡಿದರೆ ಬುರುಡೆ ಕಾಣುತ್ತದೆ.

ದೊಡ್ಡ ಕಂಪ್ಯೂಟರಿಗೆ ಇದು ಸಲೀಸು. ಮೊಬೈಲಾದರೋ ಬಿಸಿಯಾಗಿ ಬ್ಯಾಟರಿ ಕುಡಿಯುತ್ತದೆ. ಕನ್ನಡಕದ ಕಾಟ ಇನ್ನೂ ಹೆಚ್ಚು: ಎರಡು ಕಣ್ಣಿಗೆ ಎರಡು ಚಿತ್ರ, ಅದೂ ಸೆಕೆಂಡಿಗೆ 90 ಬಾರಿಯಾದರೂ ಬದಲಾದರೆ ಒಳ್ಳೆಯದು. ತಡವಾದರೆ ನೋಡುವವರಿಗೇ ತಲೆಸುತ್ತು! ಅದಕ್ಕೇ ಕೆಲವು ಉಪಾಯಗಳು. ಖಾಲಿ ಜಾಗವನ್ನು ಹಾರಿಸುವುದು. ಗಟ್ಟಿ ಮೂಳೆ ಅಡ್ಡ ಬಂದೊಡನೆ ಕಿರಣವನ್ನು ನಿಲ್ಲಿಸುವುದು. ಎಂಟು ಘನಗಳ ಸರಾಸರಿ ತೆಗೆದು ಒಂದೇ ಘನ ಮಾಡುವುದು.

ಎಚ್ಚರ ಬೇಕಾದದ್ದು ಈ ಕೊನೆಯ ಉಪಾಯದಲ್ಲಿ. ಕೂದಲೆಳೆಯಂಥ ಬಿರುಕು ಸರಾಸರಿಯಲ್ಲಿ ಕರಗಿಹೋಗಬಹುದು. ಬಣ್ಣದ ಆಯ್ಕೆ ತಪ್ಪಿದರಂತೂ ಗಡ್ಡೆಯೇ ಕಾಣದೆ ಹೋದೀತು. ವೈದ್ಯರು ಇಂದಿಗೂ ಮೂಲ ಹೋಳುಗಳನ್ನು ಒಂದೊಂದಾಗಿ ನೋಡುವುದು ಸುಮ್ಮನೆ ಅಲ್ಲ. ಸ್ಕ್ಯಾನಿನ ಸಿ.ಡಿ. ಮನೆಗೆ ಬಂದಾಗ ಮೊಮ್ಮಗ ಫೋನಿನಲ್ಲಿ ತಿರುಗಿಸಿ ನೋಡಿ, “ಏನೂ ಇಲ್ಲ ಬಿಡಿ ತಾತ” ಎಂದರೆ ತಾತ ನಂಬಬೇಕಾಗಿಲ್ಲ. ಬಣ್ಣದ ಪಟ್ಟಿಯನ್ನು ಅವನು ಒಂದಿಷ್ಟು ಪಕ್ಕಕ್ಕೆ ಎಳೆದರೆ ಸಾಕು, ತಾತನ ಮೂಗೇ ಮಾಯ!