ಪುಟ್ಟ ಮನೆಗೂ ಒಂದು ಕಾನೂನು ಬೇಕೇ?



ಸಿಯಾಟಲ್ ಸುತ್ತಮುತ್ತ ವಾಸವಾಗಿರುವ ನಮಗೆಲ್ಲ ಹೆದ್ದಾರಿ ಸೇತುವೆಯ ಕೆಳಗಿನ ಟೆಂಟುಗಳು ಹೊಸ ನೋಟವೇನಲ್ಲ. ಅದೇ ಊರಿನಲ್ಲಿ ಅಲ್ಲಲ್ಲಿ ಬೇಲಿಯೊಳಗೆ ಸಾಲಾಗಿ ನಿಂತ, ಬಣ್ಣ ಬಳಿದ ಪುಟ್ಟ ಮರದ ಮನೆಗಳನ್ನೂ ನೀವು ನೋಡಿರಬಹುದು. ಇವನ್ನೇ ಇಲ್ಲಿ ‘ಟೈನಿ ಹೌಸ್ ವಿಲೇಜ್’ ಎನ್ನುತ್ತಾರೆ. ಸೂರಿಲ್ಲದವರಿಗಾಗಿ, ತೀರ ಕಡಿಮೆ ಆದಾಯದವರಿಗಾಗಿ ಮಾಡಿದ ಪುಟ್ಟ ಕೇರಿಗಳು ಇವು.

ಸಾಮಾನ್ಯವಾಗಿ ಒಂದು ಮನೆಯ ಅಳತೆ ಎಂಟು ಅಡಿಗೆ ಹನ್ನೆರಡು ಅಡಿ, ಅಂದರೆ 96 ಚದರಡಿ. ಒಂದು ಕಾರು ನಿಲ್ಲಿಸುವ ಗರಾಜಿನ ಅರ್ಧದಷ್ಟೂ ಇಲ್ಲ. ಒಳಗೆ ಹಾಸಿಗೆ, ದೀಪ, ಹೀಟರ್, ಒಂದು ಕಿಟಕಿ, ಬೀಗ ಹಾಕಬಹುದಾದ ಬಾಗಿಲು. ಅಡುಗೆಮನೆ, ಸ್ನಾನದ ಮನೆ, ಬಟ್ಟೆ ಒಗೆಯುವ ಜಾಗ ಎಲ್ಲರಿಗೂ ಸೇರಿದ್ದು. ಎಷ್ಟೋ ಮನೆಗಳನ್ನು ಸ್ವಯಂಸೇವಕರು, ಮರಗೆಲಸ ಕಲಿಯುವ ವಿದ್ಯಾರ್ಥಿಗಳು ಕಟ್ಟಿಕೊಡುತ್ತಾರೆ.

“ಇಷ್ಟು ಚಿಕ್ಕ ಮನೆಗೆ ಕಾನೂನು ಯಾಕೆ? ನಾಲ್ಕು ಹಲಗೆ ಹೊಡೆದರೆ ಆಯಿತಲ್ಲ?” ಎಂದು ನಿಮಗನ್ನಿಸಬಹುದು. ಕಟ್ಟುವುದು ಸುಲಭ, ನಿಜ. ಕಷ್ಟವಿರುವುದು ಅದನ್ನು ಎಲ್ಲಿ ಇಡುವುದು, ಏನೆಂದು ಕರೆಯುವುದು ಎಂಬಲ್ಲಿ. ಅಮೆರಿಕದ ಬಹುತೇಕ ಊರುಗಳಲ್ಲಿ ಪ್ರತಿ ತುಂಡು ನೆಲಕ್ಕೂ ಝೋನಿಂಗ್ ಎಂಬ ನಿಯಮ ಅಂಟಿಕೊಂಡಿರುತ್ತದೆ. ಇಲ್ಲಿ ಅಂಗಡಿ, ಇಲ್ಲಿ ಕಾರ್ಖಾನೆ, ಇಲ್ಲಿ ಒಂದು ಸೈಟಿಗೆ ಒಂದೇ ಮನೆ ಎಂದು ನಗರಸಭೆ ಮೊದಲೇ ಬರೆದಿಟ್ಟಿರುತ್ತದೆ. ಅದರ ಮೇಲೆ ಕಟ್ಟಡ ಸಂಹಿತೆ ಬೇರೆ. ನೀರು, ಚರಂಡಿ, ಅಡುಗೆ, ಶೌಚದ ವ್ಯವಸ್ಥೆ ಇದ್ದರೆ ಮಾತ್ರ ಅದು ಮನೆ. 120 ಚದರಡಿಗಿಂತ ಚಿಕ್ಕದಾದ ಕೊಠಡಿ ಸಂಹಿತೆಯ ಕಣ್ಣಿಗೆ ಹಿತ್ತಲಿನ ಸಾಮಾನು ಕೋಣೆಯ ಸಮ. ಈ ಪುಟ್ಟ ಮನೆಗಳನ್ನು 120ರ ಒಳಗೇ ಕಟ್ಟುವುದಕ್ಕೆ ಇದೂ ಒಂದು ಕಾರಣ. ಹೀಗಾಗಿ ಕಟ್ಟುವ ಕೈಗಳಿದ್ದರೂ, ದಾನಿಗಳಿದ್ದರೂ, ಕಾನೂನಿನಲ್ಲಿ ಒಂದು ಸಾಲು ಬದಲಾಗದೆ ಕೇರಿ ಎದ್ದು ನಿಲ್ಲುವುದಿಲ್ಲ.

ನಮ್ಮ ವಾಷಿಂಗ್ಟನ್ ರಾಜ್ಯದ ರಾಜಧಾನಿ ಒಲಿಂಪಿಯಾದ ಉದಾಹರಣೆ ನೋಡಿ. 2007ರಲ್ಲಿ ಅಲ್ಲಿನ ಪೇಟೆಯ ನಡುವೆ ಒಂದು ಖಾಲಿ ಜಾಗದಲ್ಲಿ ಸೂರಿಲ್ಲದವರು ಟೆಂಟು ಹಾಕಿದರು. ಅದಕ್ಕೆ ಕ್ಯಾಂಪ್ ಕ್ವಿಕ್ಸೋಟ್ ಎಂಬ ಹೆಸರಾಯಿತು. ಪೊಲೀಸರು ಎಬ್ಬಿಸಲು ಹೊರಟಾಗ ಒಂದು ಚರ್ಚು ತನ್ನ ಅಂಗಳಕ್ಕೆ ಕರೆಯಿತು. ಆದರೆ ನಗರದ ನಿಯಮದಂತೆ ಒಂದೆಡೆ ಇರಲು ಮೊದಲಿಗೆ ಸಿಕ್ಕಿದ್ದು 90 ದಿನ ಮಾತ್ರ. ಅವಧಿ ಮುಗಿದಂತೆ ಗಂಟುಮೂಟೆ ಕಟ್ಟಿಕೊಂಡು ಒಂದು ಚರ್ಚಿನಿಂದ ಇನ್ನೊಂದಕ್ಕೆ ಹೊರಡಬೇಕಿತ್ತು. ವಿಳಾಸ ಬದಲಾಗುತ್ತಲೇ ಇರುವವರಿಗೆ ಕೆಲಸ ಹುಡುಕುವುದು, ವೈದ್ಯರನ್ನು ಕಾಣುವುದು ಎಷ್ಟು ಕಷ್ಟ ಎಂದು ಬಿಡಿಸಿ ಹೇಳಬೇಕಿಲ್ಲ. ಕೊನೆಗೆ ನಗರದ ನಿಯಮ ಬದಲಾಯಿತು, ಸರ್ಕಾರದ ಜಮೀನು ದೊರೆಯಿತು, ರಾಜ್ಯದ ಹಣವೂ ಬಂತು. 2013ರ ಡಿಸೆಂಬರಿನಲ್ಲಿ ಕ್ವಿಕ್ಸೋಟ್ ವಿಲೇಜ್ ತೆರೆಯಿತು. 30 ಮನೆಗಳು, ಒಂದೊಂದೂ 144 ಚದರಡಿ, ಒಳಗೇ ಶೌಚಾಲಯ. ಬಾಡಿಗೆ ಅವರವರ ಆದಾಯದ ಶೇಕಡಾ 30. ಮನೆಗಳು ಮೇಲೇಳಲು ತಿಂಗಳುಗಳು ಸಾಕಾದವು, ಅನುಮತಿಗೆ ಹಿಡಿದದ್ದು ವರ್ಷಗಳು.

ಸಿಯಾಟಲ್ ನಗರ ಸಭೆ 2015ರಲ್ಲಿ ಇಂಥ ಮೂರು ತಾತ್ಕಾಲಿಕ ವಸತಿಗಳಿಗೆ ಅವಕಾಶ ಕೊಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ನಗರ ಮತ್ತು ಕಿಂಗ್ ಕೌಂಟಿ ಎರಡೂ ವಸತಿಹೀನತೆಯನ್ನು ತುರ್ತು ಪರಿಸ್ಥಿತಿ ಎಂದು ಘೋಷಿಸಿದವು. 2020ರ ಫೆಬ್ರವರಿಯಲ್ಲಿ ಮೂರರ ಮಿತಿಯನ್ನು 40ಕ್ಕೆ ಏರಿಸಲಾಯಿತು.

ರಾಜ್ಯದ ಮಟ್ಟದಲ್ಲಿ ಎರಡು ಕಾಯ್ದೆಗಳನ್ನು ನಾವು ತಿಳಿದಿರಬೇಕು. ಹೆಸರು ಒಂದೇ ಥರ ಕೇಳಿಸಿದರೂ ಎರಡರ ಕೆಲಸ ಬೇರೆ ಬೇರೆ.

ಮೊದಲನೆಯದು 2019ರದು. ಅಡುಗೆ, ನಿದ್ದೆ, ಊಟ, ಶೌಚ ಎಲ್ಲಕ್ಕೂ ಶಾಶ್ವತ ವ್ಯವಸ್ಥೆಯಿರುವ, ಕಟ್ಟಡ ಸಂಹಿತೆಗೆ ಒಪ್ಪುವ ಪುಟ್ಟ ಮನೆಯನ್ನು ಅದು ಕಾಯಂ ವಾಸದ ಮನೆ ಎಂದು ಗುರುತಿಸಿತು. ಅಂಥ ಮನೆಗಳ ಸಮುದಾಯಕ್ಕೆ ನಗರಗಳು ಅನುಮತಿ ಕೊಡಬಹುದು ಎಂದಿತು. ಕಡಿಮೆ ಸಂಬಳದಲ್ಲಿ ದುಡಿಯುವವರಿಗೆ, ಒಂಟಿ ಹಿರಿಯರಿಗೆ ಇದರಿಂದ ಒಂದು ದಾರಿ ತೆರೆಯಿತು.

ಎರಡನೆಯದು 2020ರದು. ಇದು ಧಾರ್ಮಿಕ ಸಂಸ್ಥೆಗಳಿಗೆ ಸಂಬಂಧಿಸಿದ್ದು. ತಮ್ಮ ಜಾಗದಲ್ಲಿ ಸೂರಿಲ್ಲದವರಿಗೆ ಆಶ್ರಯ ಕೊಡಲು ಮುಂದೆ ಬರುವ ಸಂಸ್ಥೆಗಳ ಮೇಲೆ ನಗರ, ಕೌಂಟಿಗಳು ಮನಬಂದಂತೆ ಷರತ್ತು ಹೇರದಂತೆ ಅದು ತಡೆಯಿತು. ಜನರ ಆರೋಗ್ಯ, ಸುರಕ್ಷತೆಗೆ ಬೇಕಾದ ಷರತ್ತುಗಳಿಗೆ ಮಾತ್ರ ಅವಕಾಶ. ಆ ವಿವರಗಳನ್ನು ಓದುವಾಗ ನನಗೆ ಮೆಚ್ಚುಗೆಯಾಯಿತು. ಪುಟ್ಟ ಮನೆ 120 ಚದರಡಿ ಮೀರಬಾರದು. ಮನೆಯಿಂದ ಮನೆಗೆ ಆರು ಅಡಿ ಅಂತರ ಬೇಕು. ಬಾಗಿಲಿಗೆ ಬೀಗ ಇರಬೇಕು. ಪ್ರತಿ ಮನೆಯಲ್ಲೂ ಬೆಂಕಿ ನಂದಿಸುವ ಸಾಧನ ಇರಬೇಕು. ವಿದ್ಯುತ್ತು, ಹೀಟರುಗಳ ತಪಾಸಣೆ ಆಗಬೇಕು. ಕೈ ತೊಳೆಯಲು, ಕುಡಿಯಲು ನೀರು ಬೇಕು. ಬೀಗ ಎಂಬ ಒಂದು ಪದದ ಬೆಲೆ ಟೆಂಟಿನಲ್ಲಿ ಮಲಗುವ ಹೆಣ್ಣುಮಗಳಿಗೆ ಗೊತ್ತು. ಬೀಗವಿದ್ದರೆ ರಾತ್ರಿ ನಿದ್ದೆ ಬರುತ್ತದೆ, ಬೆಳಿಗ್ಗೆ ಸಾಮಾನು ಬಿಟ್ಟು ಕೆಲಸಕ್ಕೆ ಹೋಗಬಹುದು.

ಕಾರಿನಲ್ಲೇ ಮಲಗುವವರನ್ನೂ ಈ ಕಾಯ್ದೆ ನೆನೆದಿದೆ. ಧಾರ್ಮಿಕ ಸಂಸ್ಥೆಯ ಪಾರ್ಕಿಂಗಿನಲ್ಲಿ ಹತ್ತು ಜಾಗಕ್ಕೆ ಒಂದರಂತೆ ಅವರಿಗೆ ಬಿಟ್ಟುಕೊಟ್ಟರೆ, ಅದು ಹೆಚ್ಚಾಯಿತೆಂದು ನಗರ ಮಿತಿ ಹಾಕುವಂತಿಲ್ಲ. ಶೌಚಾಲಯ ಮಾತ್ರ ಒದಗಿಸಲೇಬೇಕು.

ಧಾರ್ಮಿಕ ಸಂಸ್ಥೆ ಎಂದರೆ ಚರ್ಚು ಮಾತ್ರವಲ್ಲ ಎಂಬುದನ್ನು ಗಮನಿಸಿ. ಮಸೀದಿ, ಗುರುದ್ವಾರ, ನಮ್ಮ ದೇವಸ್ಥಾನಗಳಿಗೂ ಈ ಹಕ್ಕು ಅನ್ವಯಿಸುತ್ತದೆ. ಅನ್ನದಾನ ನಮಗೆ ಹೊಸದಲ್ಲ. ಊಟದ ಪೊಟ್ಟಣ ಕಟ್ಟಿ ಆಶ್ರಯಧಾಮಗಳಿಗೆ ಕೊಟ್ಟು ಬರುವ ಕನ್ನಡಿಗರು ಎಷ್ಟೋ ಮಂದಿ. ಯಾತ್ರಿಕರಿಗೆ ಛತ್ರ ಕಟ್ಟಿಸಿದ ಪರಂಪರೆಯೂ ನಮ್ಮದೇ. ಆದರೂ ವಾರದ ದಿನಗಳಲ್ಲಿ ಖಾಲಿ ಬಿದ್ದಿರುವ ಪಾರ್ಕಿಂಗ್ ಜಾಗದ ಮಾತು ಬಂದಾಗ ನಾವು ಸ್ವಲ್ಪ ಹಿಂದೆ ಮುಂದೆ ನೋಡುತ್ತೇವೆ.

ಆ ಹಿಂಜರಿಕೆಗೆ ಕಾರಣಗಳಿವೆ, ಅವನ್ನು ತಳ್ಳಿಹಾಕುವುದು ಸರಿಯಲ್ಲ. ಹತ್ತಿರದಲ್ಲಿ ಮಕ್ಕಳಿದ್ದಾರೆ, ಸುರಕ್ಷತೆ ಹೇಗೆ ಎಂದು ಕೇಳುವ ತಾಯಿ ತಪ್ಪು ಕೇಳುತ್ತಿಲ್ಲ. ಕಾಯ್ದೆಯೂ ಅದಕ್ಕೆ ಉತ್ತರ ಹೇಳುತ್ತದೆ. ವಯಸ್ಕ ನಿವಾಸಿಗಳ ಹೆಸರು ಲೈಂಗಿಕ ಅಪರಾಧಿಗಳ ಪಟ್ಟಿಯಲ್ಲಿದೆಯೇ ಎಂದು ಪೊಲೀಸರ ಮೂಲಕ ಪರಿಶೀಲನೆಯಾಗಬೇಕು. ತುರ್ತು ಸಂದರ್ಭ ಬಿಟ್ಟರೆ, ಮೊದಲೇ ನೆರೆಹೊರೆಯವರ ಬಹಿರಂಗ ಸಭೆ ಕರೆಯಬೇಕು. ಇನ್ನೊಂದು ಆಕ್ಷೇಪ ವಸತಿ ಕಾರ್ಯಕರ್ತರದೇ. ನೀರಿನ ನಲ್ಲಿಯಿಲ್ಲದ ಕೊಠಡಿಗೆ ಮನೆ ಎಂದು ಹೆಸರಿಟ್ಟು, ನಿಜವಾದ ಮನೆ ಕಟ್ಟುವ ಹೊಣೆಯನ್ನು ಸರ್ಕಾರ ಮರೆತುಬಿಟ್ಟೀತು ಎಂಬುದು ಅವರ ಭಯ. ಅದರಲ್ಲಿ ಸತ್ಯವಿದೆ. ಪುಟ್ಟ ಮನೆಯಿಂದ ಕಾಯಂ ಮನೆಗೆ ದಾಟಿಸುವ ದಾರಿ ಜೊತೆಗಿಲ್ಲದಿದ್ದರೆ ಕೇರಿ ಅಲ್ಲೇ ನಿಂತುಹೋಗುತ್ತದೆ. ಹಾಗೆಂದು ಆ ಮನೆ ಬರುವವರೆಗೆ ಮಳೆಯಲ್ಲೇ ಇರಿ ಎನ್ನಲಾದೀತೇ?

ಕೊನೆಯದಾಗಿ ಒಂದು ಮಾತು. ಈ ಕಾಯ್ದೆಗಳು ‘ಮಾಡಬಹುದು’ ಎನ್ನುತ್ತವೆ, ‘ಮಾಡಲೇಬೇಕು’ ಎನ್ನುವುದಿಲ್ಲ. ನಗರ ಮುಂದಾಗಬೇಕು, ಸಂಸ್ಥೆಯೊಂದು ಜಾಗ ಕೊಡಬೇಕು, ನೆರೆಹೊರೆ ಒಪ್ಪದಿದ್ದರೂ ಸಹಿಸಬೇಕು. ಆ ಬಹಿರಂಗ ಸಭೆಗಳಿಗೆ ಬೇಡ ಎನ್ನುವವರು ತಪ್ಪದೆ ಬರುತ್ತಾರೆ. ಇರಲಿ ಎನ್ನುವವರು ಮನೆಯಲ್ಲೇ ಉಳಿಯುತ್ತಾರೆ. ಮುಂದಿನ ಸಲ ನಿಮ್ಮ ಬಡಾವಣೆಯಲ್ಲಿ ಅಂಥ ನೋಟಿಸ್ ಕಂಡರೆ ದಯವಿಟ್ಟು ಹೋಗಿ ಕುಳಿತುಕೊಳ್ಳಿ. ನಿಮ್ಮ ಅನುಮಾನಗಳನ್ನೂ ಕೇಳಿ. ಶೌಚಾಲಯ ಎಷ್ಟು, ರಾತ್ರಿ ಕಾವಲು ಯಾರು, ಕಾಯಂ ಮನೆಗೆ ದಾರಿ ಏನು ಎಂದು ವಿಚಾರಿಸಿ. ಮಾತನಾಡಲು ಪೌರತ್ವ ಬೇಕಿಲ್ಲ, ಆ ಊರಿನಲ್ಲಿ ವಾಸವಿದ್ದರೆ ಸಾಕು.