ಗಂಟಲಲ್ಲಿ ಸಿಕ್ಕ ಶೇಂಗಾ

ಅಂಕಲಿ, ರಾಯಬಾಗ, ಅಥಣಿಯ ಕಡೆ ಉಣ್ಣುತ್ತಿದ್ದವರಿಗೆ ಕೆಮ್ಮು ಒತ್ತಿ ಬಂದರೆ ಪಕ್ಕದವರ ಕೈ ತಾನಾಗಿಯೇ ಅವರ ನೆತ್ತಿಗೆ ಹೋಗುತ್ತದೆ. “ನೆತ್ತಿಗೆ ಹತ್ತಿತು, ನೀರು ಕುಡಿ” ಎನ್ನುತ್ತ ತಟ್ಟುತ್ತಾರೆ. ಯಾರೋ ನೆನಸಾಕತ್ತಾರ ಎಂಬ ಮಾತೂ ಬರುತ್ತದೆ. ಅದರ ಹಿಂದಿನ ಅಕ್ಕರೆ ದೊಡ್ಡದು. ಆದರೆ ಉಸಿರುನಾಳದಲ್ಲಿ ತುತ್ತು ಸಿಕ್ಕಿದ್ದರೆ ನೆತ್ತಿ ತಟ್ಟುವುದರಿಂದ ಅದು ಬರುವುದಿಲ್ಲ, ನೀರು ಕುಡಿಸಿದರೆ ಅಪಾಯ ಹೆಚ್ಚುತ್ತದೆ. ಮೊದಲು ಕಿವಿಗೊಡಬೇಕು.

ಜೋರಾಗಿ ಕೆಮ್ಮುತ್ತಿದ್ದರೆ, ಮಾತು ಹೊರಡುತ್ತಿದ್ದರೆ, ಗಾಳಿ ಆಡುತ್ತಿದೆ. ಬೆನ್ನು ಗುದ್ದಬೇಡಿ. ಮುಂದಕ್ಕೆ ಬಾಗಿಸಿ, ಕೆಮ್ಮಲು ಬಿಡಿ, ಬಿಟ್ಟು ಹೋಗಬೇಡಿ.

ಸದ್ದು ನಿಂತರೆ ಕಾಯುವಂತಿಲ್ಲ. ಮಾತು ಹೊರಡದು, ಕೈ ಕೊರಳು ಹಿಡಿಯುತ್ತದೆ, ತುಟಿ ನೀಲಿಗಟ್ಟುತ್ತದೆ. ನಾಲ್ಕೈದು ನಿಮಿಷ ಆಮ್ಲಜನಕ ತಪ್ಪಿದರೆ ಮಿದುಳಿಗೆ ಕೇಡು ಶುರು. 2008ರಿಂದ ರಾಜ್ಯದಲ್ಲಿ 108 ಆಂಬುಲೆನ್ಸ್ ಇದೆ, ಒಬ್ಬರು ತಕ್ಷಣ ಕರೆ ಮಾಡಲಿ. ಆದರೆ ಕೃಷ್ಣೆಯ ದಂಡೆಯ ತೋಟದ ಮನೆಗೋ ಕಬ್ಬು ಕಡಿಯುವ ಹೊಲಕ್ಕೋ ಅದು ಬರುವತನಕ ಜೀವ ಹಿಡಿಯಬೇಕಾದವರು ಅಲ್ಲಿದ್ದವರೇ.

ಮುಂದೆ ಬಾಗಿಸಿ, ಎರಡೂ ಹೆಗಲೆಲುಬಿನ ನಡುವೆ ಅಂಗೈ ಬುಡದಿಂದ 5 ಬಲವಾದ ಏಟು ಕೊಡಿ. ಬರಲಿಲ್ಲವೇ, ಹಿಂದೆ ನಿಂತು ತಬ್ಬಿ, ಹೊಕ್ಕಳಿಗಿಂತ ಸ್ವಲ್ಪ ಮೇಲೆ ಮುಷ್ಟಿ ಇಟ್ಟು ಇನ್ನೊಂದು ಕೈಯಿಂದ ಅದನ್ನು ಹಿಡಿದು, ಒಳಕ್ಕೂ ಮೇಲಕ್ಕೂ 5 ಸಲ ಜೋರಾಗಿ ಎಳೆಯಿರಿ. ಅಮೆರಿಕದ ಶಸ್ತ್ರವೈದ್ಯ ಹೆನ್ರಿ ಹೈಮ್ಲಿಕ್ 1974ರಲ್ಲಿ ಪ್ರಕಟಿಸಿದ ವಿಧಾನ ಇದು: ಪುಪ್ಪುಸದಲ್ಲಿ ಉಳಿದ ಗಾಳಿಯೇ ತುತ್ತನ್ನು ಹೊರದಬ್ಬುತ್ತದೆ. ಹೊರಬರುವತನಕ ಏಟು, ಎಳೆತ ಎರಡನ್ನೂ ಸರದಿಯಂತೆ ಮಾಡಿ. ಬಸುರಿಯರ ಹೊಟ್ಟೆ ಒತ್ತಬೇಡಿ, ಎದೆಮೂಳೆಯ ನಡುವೆ ಒತ್ತಿ. ವರ್ಷ ತುಂಬದ ಕೂಸಿಗೂ ಹೊಟ್ಟೆ ಮುಟ್ಟಬಾರದು. ದವಡೆಗೆ ಆಸರೆ ಕೊಟ್ಟು, ತಲೆ ತಗ್ಗಿಸಿ ಮುಂಗೈ ಮೇಲೆ ಬೋರಲು ಮಲಗಿಸಿ 5 ಏಟು. ಬಳಿಕ ಅಂಗಾತ ಮಾಡಿ, ಎದೆಮೂಳೆಯ ಕೆಳಭಾಗವನ್ನು ಎರಡು ಬೆರಳಿನಿಂದ ಅಥವಾ ಒಂದೇ ಅಂಗೈಯ ಬುಡದಿಂದ 5 ಸಲ ಒತ್ತಿ. ಯಾರೇ ಆಗಲಿ, ಪ್ರಜ್ಞೆ ತಪ್ಪಿದರೆ ನೆಲಕ್ಕೆ ಮಲಗಿಸಿ ಎದೆ ಒತ್ತಲು ತೊಡಗಬೇಕು. ಬಾಯಲ್ಲಿ ಕಣ್ಣಿಗೆ ಕಂಡದ್ದನ್ನಷ್ಟೇ ತೆಗೆಯಿರಿ. ಕಾಣದ್ದಕ್ಕೆ ಬೆರಳು ಹಾಕಿದರೆ ಅದು ಇನ್ನೂ ಒಳಗೆ ಹೋಗುತ್ತದೆ.

ಇನ್ನೊಂದು ಮೌನವಿದೆ, ಅದೇ ಹೆಚ್ಚು ಮೋಸದ್ದು. ಮಗು ಆಡುತ್ತ ಶೇಂಗಾ ತಿನ್ನುತ್ತದೆ, ಮುಖ ಕೆಂಪಾಗುವಷ್ಟು ಕೆಮ್ಮುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಮನೆಯವರು ನಿರಾಳ. ಕಾಳು ಮಾತ್ರ ಉಸಿರುನಾಳದ ಕವಲಿಗೆ ಇಳಿದು ಕೂತಿರಬಹುದು. ಅದರ ಎಣ್ಣೆ ಒಳಪದರಕ್ಕೆ ಉರಿ ಎಬ್ಬಿಸಿ ಊತ ತರುತ್ತದೆ. ವಾರದ ಮೇಲೆ ಗೊರಗೊರ ಸದ್ದು, ಜ್ವರ, ಕಫ. ನ್ಯುಮೋನಿಯಾ ಎಂದು ಮದ್ದು ನಡೆಯುತ್ತದೆ. ಶೇಂಗಾ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಬ್ರಾಂಕೋಸ್ಕೋಪ್ ಎಂಬ ನಳಿಕೆ ಇಳಿಸಿ ನೋಡಿ ತೆಗೆಯುವುದೇ ದಾರಿ.

ಶೇಂಗಾ ಬೆಳೆಯುವ, ಒಡೆಯುವ, ಹುರಿಯುವ ಮನೆಗಳಿವು. ಮಗುವಿನ ಕೈಗೆ ಕಾಳು ಸಿಗದಂತೆ ನೋಡುವುದು ಸುಲಭವಲ್ಲ ಎಂದು ಬಲ್ಲೆ. ಆದರೂ ಐದು ವರ್ಷದೊಳಗಿನವರಿಗೆ ಇಡೀ ಕಾಳು ಬೇಡ. ಹಿಂಡಿ ಮಾಡಿ ಕೊಡಿ, ಕೂತು ತಿನ್ನಲಿ. ಅಂಥ ಕೆಮ್ಮು ಒಮ್ಮೆ ಬಂದು ನಿಂತಿದ್ದರೂ ಆಸ್ಪತ್ರೆಗೆ ಹೋಗಿ. ಡಾಕ್ಟರು ಕೇಳುವ ಮೊದಲೇ ಹೇಳಿ: ಕೆಮ್ಮು ಬಂದಾಗ ಬಾಯಲ್ಲಿ ಶೇಂಗಾ ಇತ್ತು.