ಮಕ್ಕಳು ಅಲೆಗಿಳಿಯುವ ಮುನ್ನ: ಸರ್ಫಿಂಗ್ ಬಗೆಗಿನ ತಪ್ಪು ಕಲ್ಪನೆಗಳು ಮತ್ತು ಸತ್ಯ

ಮೂಲ್ಕಿಯಲ್ಲಿ ಸರ್ಫಿಂಗ್ ಕಲಿಕೆ ಬೇರುಬಿಟ್ಟು ಹಲವು ವರ್ಷಗಳಾದವು. ಪಕ್ಕದ ಸಸಿಹಿತ್ಲು ರಾಷ್ಟ್ರಮಟ್ಟದ ಸ್ಪರ್ಧೆಗಳಿಗೆ ಹೆಸರಾಗಿದೆ. ಶಾಲಾ ಮಕ್ಕಳೂ ಅಲೆಯ ಮೇಲೆ ನಿಲ್ಲಲು ಕಲಿಯಲಿ ಎಂಬ ಆಸೆ ಒಳ್ಳೆಯದೇ. ಕಡಲನ್ನು ಅರಿಯದೆ ಹೆದರುವುದಕ್ಕಿಂತ, ಬಲ್ಲವರ ಜೊತೆಗಿದ್ದು ಅರಿಯುವುದು ಮೇಲು. ಆದರೆ ಆ ಪಾಠ ಎಷ್ಟು ಸುರಕ್ಷಿತ ಎಂಬುದು ಮಕ್ಕಳು ನೀರು ಮುಟ್ಟುವ ಮೊದಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಆ ತೀರ್ಮಾನವನ್ನು ದಾರಿ ತಪ್ಪಿಸುವ ಕೆಲವು ನಂಬಿಕೆಗಳು ಇಲ್ಲಿವೆ.

ತಪ್ಪು ಕಲ್ಪನೆ: ಅಲೆ ಒಡೆಯದ, ಶಾಂತವಾಗಿ ಕಾಣುವ ಜಾಗವೇ ಮಕ್ಕಳಿಗೆ ಸುರಕ್ಷಿತ.

ಸತ್ಯ: ಹಲವು ಸಲ ಅಪಾಯ ಇರುವುದೇ ಅಲ್ಲಿ. ಅಲೆಗಳು ದಡಕ್ಕೆ ತಂದು ಸುರಿದ ನೀರು ಮರಳು ದಿಬ್ಬಗಳ ನಡುವಿನ ಆಳವಾದ ಕಾಲುವೆ ಹಿಡಿದು ಕಡಲಿಗೆ ಹಿಂತಿರುಗುತ್ತದೆ. ಆಳ ಹೆಚ್ಚಿರುವುದರಿಂದ ಅಲ್ಲಿ ಅಲೆ ಒಡೆಯುವುದು ಕಡಿಮೆ, ನೀರಿನ ಬಣ್ಣವೂ ತುಸು ಕಪ್ಪು. ನೊರೆಯ ಸಾಲಿನ ನಡುವೆ ಬಿಟ್ಟ ಬಾಗಿಲಿನಂತೆ ಕಾಣುವ ಇದೇ ಕಡಲ ಸೆಳೆತ. ಕೆಲವೊಮ್ಮೆ ಇದರ ವೇಗ ಸೆಕೆಂಡಿಗೆ 2 ಮೀಟರ್ ದಾಟುತ್ತದೆ. ಒಲಿಂಪಿಕ್ ಈಜುಗಾರರೂ ಎದುರು ಈಜಿ ಗೆಲ್ಲುವುದು ಕಷ್ಟ.

ಸೆಳೆತ ಮನುಷ್ಯನನ್ನು ತಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಜೀವ ತೆಗೆಯುವುದು ಗಾಬರಿ ಮತ್ತು ಸೆಳೆತದ ವಿರುದ್ಧ ಈಜಿ ಬರುವ ಸುಸ್ತು. ಸಿಕ್ಕಿಬಿದ್ದ ಮಗು ಬೋರ್ಡ್ ಬಿಡದೆ ತೇಲಬೇಕು, ಕೈಯೆತ್ತಿ ಸಹಾಯ ಕೇಳಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರಬೇಕು. ಇದನ್ನು ಮರಳಿನ ಮೇಲೆಯೇ ಅಭ್ಯಾಸ ಮಾಡಿಸಬೇಕು.

ನದಿ ಕಡಲು ಸೇರುವ ಅಳಿವೆಗಳಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು. ಸಸಿಹಿತ್ಲಿನಲ್ಲಿ ನಂದಿನಿ, ಶಾಂಭವಿ ನದಿಗಳು ಕಡಲಿಗೆ ಸೇರುತ್ತವೆ. ಇಳಿತದ ಹೊತ್ತಿನಲ್ಲಿ ಇಂಥ ಕಡೆ ನೀರು ರಭಸವಾಗಿ ಹೊರಹರಿಯುತ್ತದೆ. ನಿನ್ನೆ ಸರಿಯಿದ್ದ ಜಾಗ ಇಂದು ಸರಿಯಿರಬೇಕೆಂದಿಲ್ಲ.

ತಪ್ಪು ಕಲ್ಪನೆ: ಈಜು ಬರುತ್ತದೆ, ಬೋರ್ಡ್ ಇದೆ, ಇನ್ನೇನು ಭಯ?

ಸತ್ಯ: ಈಜು ಬರಲೇಬೇಕು, ಆದರೆ ಈಜುಕೊಳದ ಅನುಭವ ಕಡಲಿಗೆ ಸಾಲದು. ಕೊಳದಲ್ಲಿ ಅಲೆಯಿಲ್ಲ, ಸೆಳೆತವಿಲ್ಲ, ಹಿಡಿದುಕೊಳ್ಳಲು ಅಂಚಿದೆ. ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ ತುಂಡಾಗಬಹುದು. ಸರ್ಫಿಂಗ್‌ನಲ್ಲಿ ಅನೇಕ ಗಾಯಗಳಾಗುವುದು ಸ್ವಂತ ಬೋರ್ಡ್ ಬಡಿದೇ. ಅದಕ್ಕೇ ಕಲಿಯುವವರಿಗೆ ಮೆತ್ತನೆಯ ಫೋಮ್ ಬೋರ್ಡ್ ಕೊಡುತ್ತಾರೆ. ಬೀಳುವುದನ್ನೂ ಕಲಿಸಬೇಕು: ತಲೆ ಮುಂದೆ ಮಾಡಿ ಧುಮುಕಬಾರದು, ಮೈ ಚಪ್ಪಟೆಯಾಗಿ ಬೀಳಬೇಕು, ಮೇಲೇಳುವಾಗ ಎರಡೂ ತೋಳುಗಳಿಂದ ತಲೆ ಮುಚ್ಚಿಕೊಳ್ಳಬೇಕು. ಸೊಂಟದೆತ್ತರದ ನೀರಿನಲ್ಲಿ ತಲೆ ಮರಳಿಗೆ ಬಡಿದರೆ ಕತ್ತಿನ ಮೂಳೆಗೇ ಪೆಟ್ಟಾಗಬಹುದು.

ತಪ್ಪು ಕಲ್ಪನೆ: ಮುಳುಗುವ ಮಗು ಕೂಗುತ್ತದೆ, ಶಿಕ್ಷಕರು ದಡದಲ್ಲಿದ್ದರೆ ಸಾಕು.

ಸತ್ಯ: ಮುಳುಗುವವರು ಸಾಮಾನ್ಯವಾಗಿ ಸದ್ದು ಮಾಡುವುದಿಲ್ಲ. ಉಸಿರಿಗೇ ಹೋರಾಡುವ ಬಾಯಿಗೆ ಕೂಗಲು ಆಗದು. ಕೈಗಳು ನೀರನ್ನು ಒತ್ತುತ್ತಿರುತ್ತವೆ, ಬೀಸಲು ಬರುವುದಿಲ್ಲ. ಒಂದು ನಿಮಿಷದೊಳಗೆ ಎಲ್ಲ ಮುಗಿದುಹೋಗಬಹುದು. ಆದ್ದರಿಂದ ಯಾವ ಮಕ್ಕಳ ಮೇಲೆ ಯಾರ ಕಣ್ಣು ಎಂಬುದು ಮೊದಲೇ ನಿಗದಿಯಾಗಿರಬೇಕು. ಇಂಗ್ಲೆಂಡಿನ ಸರ್ಫಿಂಗ್ ಶಾಲೆಗಳಲ್ಲಿ ಒಬ್ಬ ತರಬೇತುದಾರರಿಗೆ ಹೆಚ್ಚೆಂದರೆ 8 ವಿದ್ಯಾರ್ಥಿಗಳು ಎಂಬುದು ರೂಢಿ. ಅಲೆ ದೊಡ್ಡದಿದ್ದರೆ, ಮಕ್ಕಳು ಚಿಕ್ಕವರಿದ್ದರೆ ಆ ಸಂಖ್ಯೆ ಇನ್ನೂ ಇಳಿಯಬೇಕು. ಶಿಕ್ಷಕರು ದಡದಲ್ಲಿ ನಿಂತು ತಲೆ ಎಣಿಸುತ್ತಿರಲಿ. ನೀರಿನಲ್ಲಿ ರಕ್ಷಿಸುವ ಕೆಲಸ ತರಬೇತಿ ಪಡೆದವರದು. ತೇಲುವ ಸಾಧನವಿಲ್ಲದೆ ರಕ್ಷಿಸಲು ಧುಮುಕಿ ತಾವೇ ಮುಳುಗಿದವರು ಎಷ್ಟೋ ಮಂದಿ.

ತಪ್ಪು ಕಲ್ಪನೆ: ನೀರು ಕುಡಿದವರ ಹೊಟ್ಟೆ ಒತ್ತಿ ನೀರು ತೆಗೆಯಬೇಕು.

ಸತ್ಯ: ಬೇಡ. ಅದರಿಂದ ವಾಂತಿಯಾಗಿ ಶ್ವಾಸನಾಳ ಕಟ್ಟಬಹುದು, ಅಮೂಲ್ಯ ಸಮಯವೂ ಹೋಗುತ್ತದೆ. ಉಸಿರು ನಿಂತಿದ್ದರೆ ಬಾಯಿಯಿಂದ ಉಸಿರು ಕೊಡುತ್ತಾ ಎದೆ ಒತ್ತುವ ಚಿಕಿತ್ಸೆಯನ್ನು ಕೂಡಲೇ ಆರಂಭಿಸಬೇಕು. ಜೊತೆಗಿರುವವರು 108ಕ್ಕೆ ಕರೆ ಮಾಡಬೇಕು.

ತಪ್ಪು ಕಲ್ಪನೆ: ಪೋಷಕರ ಸಹಿ ಸಿಕ್ಕಿತು, ಬಸ್ಸೂ ಬಂತು, ಇನ್ನು ಹಿಂದೆ ಸರಿಯಬಾರದು.

ಸತ್ಯ: ಒಪ್ಪಿಗೆ ಪತ್ರ ಕಡಲನ್ನು ಕಟ್ಟಿಹಾಕುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಪ್ರಾಣ ಕಳೆದುಕೊಂಡರು. ಅವರು ಸರ್ಫಿಂಗ್‌ಗೆ ಬಂದವರಲ್ಲ, ನೀರಾಟಕ್ಕೆ ಇಳಿದವರು. ಅದೂ ಮಳೆಗಾಲದಲ್ಲಲ್ಲ. ಮಳೆಗಾಲದಲ್ಲಂತೂ, ಜೂನ್ 1ರಿಂದ ಜುಲೈ 31ರವರೆಗೆ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿದೆ. ಮಳೆಗಾಲದ ಕಡಲು ಮಕ್ಕಳ ಪಾಠಕ್ಕಲ್ಲ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಉಳಿದ ತಿಂಗಳುಗಳಲ್ಲೂ ಪ್ರತಿದಿನದ ಕಡಲನ್ನು ಅಂದೇ ನೋಡಿ ನಿರ್ಧರಿಸಬೇಕು. ಕೆಂಪು ಬಾವುಟ ಹಾರುತ್ತಿದ್ದರೆ, ಗುಡುಗು ಕೇಳಿಸಿದರೆ, ಜೀವರಕ್ಷಕರು ಬೇಡವೆಂದರೆ ಪಾಠ ರದ್ದು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಯಾರೂ ನೀರಿಗೆ ಮರಳಬಾರದು.

ಹಾಗಾಗಿ ಪೋಷಕರೇ, ಸಹಿ ಹಾಕುವ ಮೊದಲು ಕೇಳಿ: ತರಬೇತುದಾರರಿಗೆ ಜೀವರಕ್ಷಣೆಯ ತರಬೇತಿ ಇದೆಯೇ? ಒಬ್ಬರಿಗೆ ಎಷ್ಟು ಮಕ್ಕಳು? ನನ್ನ ಮಗುವಿನ ಈಜನ್ನು, ಆಸ್ತಮಾ ಅಥವಾ ಮೂರ್ಛೆಯ ತೊಂದರೆಯನ್ನು ಯಾರು ವಿಚಾರಿಸಿದರು? ಹತ್ತಿರದ ಆಸ್ಪತ್ರೆ ಎಷ್ಟು ದೂರ? ಕೊನೆಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಕಡಲು ಸರಿಯಿಲ್ಲದಿದ್ದರೆ ಬೇಡ ಎನ್ನುವ ಅಧಿಕಾರ ಯಾರಿಗಿದೆ? ಈ ಪ್ರಶ್ನೆಗೆ ಒಂದು ಹೆಸರು ಉತ್ತರವಾಗಿ ಬರದಿದ್ದರೆ ಸಹಿ ಹಾಕಬೇಡಿ.